ಟೈರಿನ ಗಾಳಿ ಬಿಡಿಸಿದ ಹುಡುಗ

ಈ ಕಥೆ ನಿಮಗೂ ಗೊತ್ತಿರಬಹುದು. ತಗ್ಗು ಬ್ರಿಜ್ಜಿನ ಕೆಳಗೆ ಲಾರಿಯೊಂದು ಸಿಕ್ಕಿಬೀಳುತ್ತದೆ. ಮುಂದೆ ಹೋಗದು, ಹಿಂದೆ ಬಾರದು. ಪೊಲೀಸರು ಬರುತ್ತಾರೆ, ಎಂಜಿನಿಯರ್ ಸಾಹೇಬರು ಬರುತ್ತಾರೆ. ಒಬ್ಬರು ಲಾರಿಯ ನೆತ್ತಿ ಕೊಯ್ಯೋಣ ಎನ್ನುತ್ತಾರೆ. ಇನ್ನೊಬ್ಬರು ಬ್ರಿಜ್ಜಿನ ಅಡಿ ಕೆತ್ತೋಣ ಎನ್ನುತ್ತಾರೆ. ಆಗ ಪಾಟಿಚೀಲ ಹೆಗಲಿಗೇರಿಸಿಕೊಂಡು ಸಾಲಿಗೆ ಹೊರಟಿದ್ದ ಹುಡುಗನೊಬ್ಬ ನಿಂತು ನೋಡಿ, "ಟೈರಿನ ಗಾಳಿ ಬಿಡ್ರಲ್ಲಾ" ಎನ್ನುತ್ತಾನೆ. ಗಾಳಿ ಬಿಡುತ್ತಾರೆ, ಲಾರಿ ಕುಗ್ಗುತ್ತದೆ, ಹೊರಗೆ ಬರುತ್ತದೆ. ಎಂಜಿನಿಯರ್ ಸಾಹೇಬರು ಹುಡುಗನ ಬೆನ್ನು ತಟ್ಟಿ ಜೇಬಿನಿಂದ ಐದು ರೂಪಾಯಿ ತೆಗೆದು ಕೊಡುತ್ತಾರೆ.

ನಾನು ಬ್ಯಾಂಕಿನಲ್ಲಿ ಕ್ಲರ್ಕ್ ಆಗಿದ್ದಾಗ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಕೌಂಟರಿನ ಹಿಂದೆ ಕುಳಿತು ಈ ಕಥೆ ಕೇಳಿದ್ದೇನೆ. ಆಳಂದದಲ್ಲಿ ಕೇಳಿದಾಗ ಹುಡುಗ ಆಳಂದದವನು. ಅಫಜಲಪುರದಲ್ಲಿ ಅವನು ಅಫಜಲಪುರದ ಹೈಸ್ಕೂಲಿನವನಾಗಿದ್ದ, ಈಗ ಪುಣೆಯಲ್ಲಿ ದೊಡ್ಡ ಎಂಜಿನಿಯರ್ ಆಗಿದ್ದಾನೆ ಎಂಬ ಬಾಲವೂ ಸೇರಿತ್ತು. ಜೇವರ್ಗಿಗೆ ಬಂದರೆ, ಪಾಸ್‌ಬುಕ್ ತುಂಬಿಸಲು ಬಂದ ಯಜಮಾನರೊಬ್ಬರು "ಆ ಹುಡುಗ ನಮ್ಮ ಬೀಗರ ಪೈಕಿ ಆಗಬೇಕ್ರಿ" ಎಂದರು. ತಮಾಷೆ ಏನೆಂದರೆ ಆ ಮೂರು ಊರಿಗೂ ರೈಲಿಲ್ಲ. ರೈಲಿಲ್ಲದ ಮೇಲೆ ಲಾರಿ ಸಿಕ್ಕಿಬೀಳುವಂಥ ರೈಲ್ವೆ ಬ್ರಿಜ್ ಎಲ್ಲಿಂದ ಬರಬೇಕು? ಮುಂದೆ ಗೊತ್ತಾಯಿತು, ಈ ಹುಡುಗ ಮಹಾರಾಷ್ಟ್ರದಲ್ಲೂ ಇದ್ದಾನೆ, ಅಮೆರಿಕದಲ್ಲೂ ಇದ್ದಾನೆ. ಜಗತ್ತಿನ ಎಲ್ಲ ಊರಿನವರೂ ಅವನನ್ನು ತಮ್ಮವನೆಂದೇ ಹೇಳಿಕೊಳ್ಳುತ್ತಾರೆ.

ಏಳನೇ ಇಯತ್ತೆ ಓದುವ ನನ್ನ ಮೊಮ್ಮಗಳಿಗೆ ಈ ಕಥೆ ಹೇಳಿದೆ. ಈಗಿನ ಮಕ್ಕಳು ಕಥೆಗೆ ಹೂಂಗುಟ್ಟಿ ಮಲಗುವವರಲ್ಲ. "ಮುತ್ಯಾ, ಗಾಳಿ ಬಿಟ್ರ ಲಾರಿ ಎಷ್ಟು ಇಳೀತದ? ಲೆಕ್ಕ ಹೇಳು" ಎಂದಳು. ಬಿಕಾಂ ಓದಿದವನಿಗೆ ಲೆಕ್ಕ ಕೇಳಿದರೆ ಬಿಡಲಾಗುತ್ತದೆಯೇ? ಈ ವಾರದ ಬರಹ ಆ ಲೆಕ್ಕದ್ದು.

ಮೊದಲು ಒಂದು ಮಾತು. ನಮ್ಮ ಕಡೆ 'ತಗ್ಗು ಬ್ರಿಜ್' ಎಂದರೆ ಅಜ್ಜ-ಅಜ್ಜಿಯರ ಕಣ್ಣ ಮುಂದೆ ಬರುವುದೇ ಬೇರೆ. ಅದರ ಕೆಳಗೆ ಲಾರಿ ಹೋಗುವುದಿಲ್ಲ, ಅದರ ಮೇಲೆ ಹೊಳೆಯೇ ಹೋಗುತ್ತದೆ. ದೇವಲ ಗಾಣಗಾಪುರಕ್ಕೆ ದತ್ತಾತ್ರೇಯನ ದರ್ಶನಕ್ಕೆ ಹೋದವರಿಗೆಲ್ಲ ಅಲ್ಲಿನ ಭೀಮಾ ನದಿಯ ಬ್ರಿಜ್ ಗೊತ್ತು. ಮೇಲೆ ಮಹಾರಾಷ್ಟ್ರದಲ್ಲಿ ಮಳೆ ಜೋರಾಗಿ, ಇತ್ತ ಸೊನ್ನ ಬ್ಯಾರೇಜಿನಿಂದ ನೀರು ಬಿಟ್ಟರೆ ಅದು ಮುಳುಗುತ್ತದೆ. 2020ರ ಅಕ್ಟೋಬರ್ ಪ್ರವಾಹದಲ್ಲಿ ಮುಳುಗಿದ್ದನ್ನು ಇನ್ನೂ ಯಾರೂ ಮರೆತಿಲ್ಲ. ಇಂದಿನ ವಿಷಯ ಅದಲ್ಲ. ಮೇಲೆ ರೈಲು, ಕೆಳಗೆ ರಸ್ತೆ ಇರುವ ಪಟ್ಟಣದ ಬ್ರಿಜ್ಜು ಇಂದಿನ ವಿಷಯ.

ಆಳಂದದಿಂದ, ಅಫಜಲಪುರದಿಂದ, ಜೇವರ್ಗಿಯಿಂದ ಹೊರಟ ಮೂರೂ ರಸ್ತೆಗಳು ಕಲಬುರಗಿಯಲ್ಲಿ ಕೂಡುತ್ತವೆ. ಜೇವರ್ಗಿ ಕಡೆಯಿಂದ ಬರುವವರು ಕಲಬುರಗಿ ಊರೊಳಗೆ ಹೋಗಬೇಕಾದರೆ ಹಳಿಯ ಮೇಲಿಂದಲೋ ಕೆಳಗಿಂದಲೋ ದಾಟಲೇಬೇಕು. ಮುಂಬೈಯಿಂದ ಬಂದ ಈ ಹಳಿ 1871ರಲ್ಲಿ ರಾಯಚೂರು ಮುಟ್ಟಿ, ಮದ್ರಾಸಿನಿಂದ ಬಂದ ಹಳಿಯನ್ನು ಕೂಡಿತು. ಆ ಕಾಲದ ರಸ್ತೆಯಲ್ಲಿ ಏನಿತ್ತು? ಎತ್ತಿನ ಬಂಡಿ, ಕುದುರೆ ಟಾಂಗಾ, ಹೆಚ್ಚೆಂದರೆ ಕಣಿಕಿ ಹೇರಿದ ಬಂಡಿ. ದೇಶದ ಹಳೆಯ ಪಟ್ಟಣಗಳಲ್ಲಿ ಹಳಿಯ ಕೆಳಗೆ ಕಟ್ಟಿದ ಕಲ್ಲಿನ ಕಮಾನುಗಳನ್ನು ಆ ಬಂಡಿಗಳ ಲೆಕ್ಕದಲ್ಲೇ ಕಟ್ಟಿದರು. ಬೆಂಗಳೂರಿಗೆ ಹೋದವರು ಶೇಷಾದ್ರಿಪುರದ ಕಿನೋ ಟಾಕೀಸ್ ಹತ್ತಿರದ ರೈಲ್ವೆ ಕೆಳಸೇತುವೆ ನೋಡಿರಬಹುದು. ಬಸ್ಸು ಅದರೊಳಗೆ ನುಗ್ಗುವಾಗ ಕಿಟಕಿ ಬಳಿ ಕುಳಿತವರು ತಮಗರಿವಿಲ್ಲದೆ ತಲೆ ಬಗ್ಗಿಸುತ್ತಾರೆ.

ಬಂಡಿ ಹೋಗಿ ಲಾರಿ ಬಂತು. ಲಾರಿ ಬೆಳೆಯುತ್ತಲೇ ಹೋಯಿತು. ನಮ್ಮ ದೇಶದ ಮೋಟಾರು ವಾಹನ ನಿಯಮದ ಪ್ರಕಾರ ಸಾಮಾನ್ಯ ಸರಕು ಲಾರಿ ನೆಲದಿಂದ 3.8 ಮೀಟರಿಗಿಂತ ಎತ್ತರ ಇರಬಾರದೆಂದಿತ್ತು. 2020ರಲ್ಲಿ ಅದನ್ನು 4 ಮೀಟರಿಗೆ ಏರಿಸಿದರು. ಹೊಸದಾಗಿ ಕಟ್ಟುವ ಕೆಳಸೇತುವೆ ಪಟ್ಟಣದಲ್ಲಾದರೆ ಐದೂವರೆ ಮೀಟರ್, ಹಳ್ಳಿಯ ಕಡೆಯಾದರೆ 5 ಮೀಟರ್ ಎತ್ತರ ಬಿಡಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಇದೆ. ಹೊಸದಕ್ಕೆ ಅದು ಸರಿ. ಹಳೆಯ ಕಮಾನು ಯಾವ ಮಾರ್ಗಸೂಚಿ ಓದೀತು?

ಹೊಸದಾಗಿ ಕಟ್ಟಿದವುಗಳಲ್ಲೂ ತಗ್ಗಿನವು ಇವೆ, ಅದಕ್ಕೂ ಕಾರಣ ಇದೆ. ಮೊದಲು ಹಳ್ಳಿಯ ದಾರಿಯಲ್ಲಿ ಗೇಟೂ ಇಲ್ಲ, ಗೇಟ್‌ಮನ್ನೂ ಇಲ್ಲ, ಅಂಥ ರೈಲು ದಾಟುಗಳಿದ್ದವು. ಎಷ್ಟು ಜೀವ ಹೋದವೋ! 2019ರ ಜನವರಿ ಹೊತ್ತಿಗೆ ರೈಲ್ವೆಯವರು ಬ್ರಾಡ್‌ಗೇಜ್ ಹಳಿಗಳ ಮೇಲಿನ ಅಂಥ ದಾಟುಗಳನ್ನೆಲ್ಲ ಮುಚ್ಚಿದರು. ಒಳ್ಳೆಯ ಕೆಲಸ, ಎರಡು ಮಾತಿಲ್ಲ. ಅವುಗಳ ಬದಲು ಅನೇಕ ಕಡೆ ಹಳಿಯ ಕೆಳಗೆ ಸಿಮೆಂಟಿನ ಡಬ್ಬಿ ತೂರಿಸಿದರು. ಅದಕ್ಕೆ 'ಲಿಮಿಟೆಡ್ ಹೈಟ್ ಸಬ್‌ವೇ' ಎಂದು ಹೆಸರು. ಎತ್ತರಕ್ಕೆ ಮಿತಿ ಇದೆ ಎಂಬುದನ್ನು ಹೆಸರಿನಲ್ಲೇ ಒಪ್ಪಿಕೊಂಡಿದ್ದಾರೆ ನೋಡಿ! ಸೈಕಲ್, ಬಂಡಿ, ಜೀಪು, ಖಾಲಿ ಟ್ರ್ಯಾಕ್ಟರ್ ಸಲೀಸಾಗಿ ದಾಟುತ್ತವೆ. ಕಬ್ಬು ಹೇರಿದ ಟ್ರ್ಯಾಲಿಯೋ ಕಟಾವು ಮಷಿನ್ನೋ ಬಂದರೆ ತೊಡಕು. ಭೂಸನೂರಿಗೋ ಹವಳಗಾಕ್ಕೋ ಕಬ್ಬು ಸಾಗಿಸುವ ರೈತರಿಗೆ ಟ್ರ್ಯಾಲಿ ಎಷ್ಟು ಎತ್ತರ ತುಂಬುತ್ತದೆಂದು ನಾನು ಹೇಳಿಕೊಡಬೇಕಿಲ್ಲ.

ಸರಿ, ಬ್ರಿಜ್ ತಗ್ಗು. ಮುಂದೆ ಬೋರ್ಡೂ ಇರುತ್ತದೆ. ಬಿಳಿ ವೃತ್ತ, ಸುತ್ತ ಕೆಂಪು ಬಳೆ, ನಡುವೆ ಕಪ್ಪು ಅಂಕಿ, ಅಂಕಿಯ ಮೇಲೊಂದು ಕೆಳಗೊಂದು ಕಪ್ಪು ಮೊನೆ. ಇಷ್ಟಿದ್ದೂ ಲಾರಿ ಯಾಕೆ ಸಿಕ್ಕಿಬೀಳುತ್ತದೆ? "ಡ್ರೈವರಿಗೆ ಕಣ್ಣಿಲ್ಲೇನು?" ಎಂದು ನಿಂತು ನೋಡುವವರು ಬೈಯುತ್ತಾರೆ. ನಾನೂ ಬಹಳ ಕಾಲ ಅಂಥ ಗುಂಪಿನಲ್ಲಿ ನಿಂತಿದ್ದವನೇ. ಹೋದ ವರ್ಷ ಮಗನ ಊರಿಗೆ ಹೋದಾಗ ಅಲ್ಲೊಂದು ರೈಲ್ವೆ ಬ್ರಿಜ್ಜಿನ ಕೆಳಗೆ ಮುಚ್ಚಿದ ಡಬ್ಬಿಯ ದೊಡ್ಡ ಲಾರಿ ಸಿಕ್ಕಿತ್ತು. ನಿವೃತ್ತನಿಗೆ ಬೇರೇನು ಕೆಲಸ? ಒಂದೂವರೆ ತಾಸು ನಿಂತೆ. ಗುಂಪಿನಲ್ಲಿದ್ದ ಧೀರರೊಬ್ಬರು "ಮಾಲು ಇಳಿಸ್ರಿ, ಹಗುರ ಆಗ್ತದ, ಹೊರಗ ಬರ್ತದ" ಎಂದು ಕೂಗುತ್ತಿದ್ದರು. ಡ್ರೈವರ್ ರಾಜಸ್ಥಾನದ ಕಡೆಯವನು, ಇಪ್ಪತ್ತೈದರ ಪ್ರಾಯ. ಹಣೆ ಒರೆಸಿಕೊಂಡು ಹಿಂದಿಯಲ್ಲಿ ಹೇಳಿದ, "ಲಾರಿ ಖಾಲಿ ಇದೆ ಸಾಹೇಬರೇ. ಬೆಳಿಗ್ಗೆ ಮಾಲು ತುಂಬಿಕೊಂಡು ಇದೇ ಬ್ರಿಜ್ಜಿನ ಕೆಳಗೆ ಹೋಗಿದ್ದೆ."

ಮಕ್ಕಳೇ, ಈ ಮಾತನ್ನು ಗಮನಿಸಿ. ತುಂಬಿದ ಲಾರಿ ದಾಟಿತು, ಖಾಲಿ ಲಾರಿ ಸಿಕ್ಕಿತು. ಲಾರಿಯ ಕೆಳಗೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಕಮಾನಿದೆ, ನಮ್ಮ ಕಡೆ 'ಪಾಟಾ' ಎನ್ನುತ್ತೇವೆ. ಭಾರ ಬಿದ್ದಾಗ ಪಾಟಾ ಚಪ್ಪಟೆಯಾಗುತ್ತದೆ, ಲಾರಿ ಎರಡು-ಮೂರು ಇಂಚು ಕೂರುತ್ತದೆ. ಭಾರ ಇಳಿದಾಗ ಬಾಗಿ ಮೇಲೇಳುತ್ತದೆ. ಕುಳಿತ ಒಂಟೆ ಏಳುತ್ತದಲ್ಲ, ಹಾಗೆ. ಹೀಗಾಗಿ ಡಬ್ಬಿಯ ಲಾರಿ ಸಿಕ್ಕಿಬಿದ್ದಾಗ ಮಾಲು ಇಳಿಸಿದರೆ ಅದು ಇನ್ನಷ್ಟು ಬಿಗಿಯಾಗುತ್ತದೆ. ಆಗ ಭಾರ ಹೇರಬೇಕು. ಆ ದಿನವೂ ಕೊನೆಗೆ ಹಾಗೇ ಆಯಿತು. ಹತ್ತು-ಹದಿನೈದು ಜನ ಹಿಂದಿನ ಬಾಗಿಲಿನಿಂದ ಒಳಗೆ ಹತ್ತಿ ನಿಂತರು, ಹಿಂದಿನ ಚಕ್ರಗಳ ಗಾಳಿ ಅರ್ಧ ಬಿಟ್ಟರು, ಡ್ರೈವರ್ ಬಂದ ದಾರಿಯಲ್ಲೇ ಮೆಲ್ಲಗೆ ಹಿಂದಕ್ಕೆ ತೆಗೆದ. ಡಬ್ಬಿಯ ನೆತ್ತಿ ಸುಲಿದ ಹಣ್ಣಿನ ಸಿಪ್ಪೆಯಂತಾಗಿತ್ತು. ಅದರ ಖರ್ಚು ತನ್ನ ಪಗಾರದಲ್ಲೇ ಮುರಿಯುತ್ತಾರೆ ಎಂದ. ಆಮೇಲೆ ಯಾರೂ ಅವನನ್ನು ಬೈಯಲಿಲ್ಲ.

ಇನ್ನೊಂದು ಕಾರಣ ನೆಲದಲ್ಲಿದೆ. ರಸ್ತೆ ಹಾಳಾದಾಗ ಹಳೆಯದನ್ನು ಕಿತ್ತು ತೆಗೆಯದೆ ಮೇಲೊಂದು ಪದರ ಡಾಂಬರು ಹಾಸುತ್ತಾರೆ. ಒಂದು ಪದರ ಎಂದರೆ ಎರಡು ಇಂಚು ಹಿಡಿಯಿರಿ. ಮೂರು ಸಲ ಹಾಸಿದರೆ ಅರ್ಧ ಅಡಿ. ಬ್ರಿಜ್ ಕೆಳಗಿಳಿದಿಲ್ಲ, ರಸ್ತೆ ಮೇಲೇರಿದೆ, ಬೋರ್ಡಿನಲ್ಲಿ ಮಾತ್ರ ಹಳೆಯ ಅಂಕಿಯೇ ಉಳಿದಿದೆ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳಬೇಕೆಂದರೆ ಹಣ ತೆಗೆದದ್ದನ್ನು ಲೆಡ್ಜರಿನಲ್ಲಿ ಬರೆಯದೆ ಹಳೆಯ ಬಾಕಿಯನ್ನೇ ಮುಂದಿನ ಪುಟಕ್ಕೆ ಒಯ್ದಂತೆ. ಇದರಲ್ಲೊಂದು ಒಳಗುಟ್ಟೂ ಇದೆ. ಬೋರ್ಡು ಬರೆಯುವಾಗ ಹುಷಾರಿಗೆಂದು ನಿಜವಾದ ಎತ್ತರಕ್ಕಿಂತ ಸ್ವಲ್ಪ ಕಡಿಮೆಯೇ ಬರೆಯುತ್ತಾರೆ. ಪಳಗಿದ ಡ್ರೈವರುಗಳಿಗೆ ಅದು ಗೊತ್ತು. "3.6 ಅಂತ ಬರದಾರ, ಆದ್ರ 3.8ರ ಲಾರಿ ಹೋಗ್ತದ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಹತ್ತು ವರ್ಷ ಹೋಗುತ್ತದೆ ಕೂಡ. ಹುಷಾರಿಗೆಂದು ಬಿಟ್ಟ ಆ ಜಾಗವನ್ನು ಡಾಂಬರು ಕೆಳಗಿನಿಂದ ಮೆಲ್ಲಗೆ ತಿನ್ನುತ್ತಿರುತ್ತದೆ, ಯಾರಿಗೂ ಕಾಣುವುದಿಲ್ಲ. ಹನ್ನೊಂದನೇ ವರ್ಷ ಹೋಗುವುದಿಲ್ಲ.

ಅಡಿ ಮತ್ತು ಮೀಟರಿನ ತಂಟೆ ಬೇರೆ. ಬೋರ್ಡು ಮೀಟರಿನಲ್ಲಿ, ಡ್ರೈವರಿನ ತಲೆಯಲ್ಲಿ ಫೂಟು. ಒಂದು ಮೀಟರಿಗೆ 3.28 ಅಡಿ. ಮೂರೂವರೆ ಮೀಟರ್ ಎಂದರೆ ಹನ್ನೊಂದೂವರೆ ಅಡಿ ಎಂದು ರಾತ್ರಿ ಎರಡು ಗಂಟೆಗೆ, ನಿದ್ದೆಗಣ್ಣಿನಲ್ಲಿ, ಹಿಂದಿನವರು ಹಾರ್ನ್ ಬಾರಿಸುತ್ತಿರುವಾಗ ಗುಣಿಸಬೇಕು. ಕಂಟೇನರಿನದು ಇನ್ನೂ ಮೋಸದ ಲೆಕ್ಕ. ಹಡಗಿನಿಂದ ಇಳಿಯುವ ಕಬ್ಬಿಣದ ಡಬ್ಬಿಗಳಲ್ಲಿ 8 ಅಡಿ 6 ಇಂಚಿನದೊಂದು, 9 ಅಡಿ 6 ಇಂಚಿನದೊಂದು. ದೂರದಿಂದ ಎರಡೂ ಒಂದೇ ತರಹ ಕಾಣುತ್ತವೆ. ನಿನ್ನೆ ಗಿಡ್ಡದನ್ನು ಹೊತ್ತು ದಾಟಿದವನು ಇಂದು ಉದ್ದದ್ದನ್ನು ಹೊತ್ತು ಬಂದರೆ ಒಂದು ಅಡಿ ಹೆಚ್ಚು.

ಈಗ ಮೊಮ್ಮಗಳ ಲೆಕ್ಕ. ಲಾರಿಯ ಒಂದು ಬಗೆಯ ಟೈರಿನ ಮೇಲೆ 10.00-20 ಎಂದು ಅಚ್ಚಾಗಿರುತ್ತದೆ. 20 ಎಂದರೆ ನಡುವಿನ ಕಬ್ಬಿಣದ ರಿಮ್ಮಿನ ಅಡ್ಡಳತೆ, ಇಂಚಿನಲ್ಲಿ. 10 ಎಂದರೆ ಟೈರಿನ ಅಗಲ. ಈ ಬಗೆಯ ಟೈರಿನಲ್ಲಿ ರಿಮ್ಮಿನಿಂದ ನೆಲದವರೆಗಿನ ರಬ್ಬರಿನ ಗೋಡೆಯೂ ಹೆಚ್ಚುಕಡಿಮೆ ಅಷ್ಟೇ, ಹತ್ತು ಇಂಚು. ಗಾಳಿ ಪೂರ್ತಿ ಬಿಟ್ಟರೆ ಹತ್ತೂ ಇಂಚು ಇಳಿಯುವುದೇ? ಇಲ್ಲ. ರಿಮ್ಮಿನ ಅಂಚಿದೆ, ಮಡಚಿ ಕೂತ ರಬ್ಬರಿನ ದಪ್ಪ ಇದೆ. ಎಲ್ಲ ಕಳೆದು ಆರು ಇಂಚು ಇಳಿದರೆ ದೊಡ್ಡದು. ಒಂದು ಗೇಣೂ ಆಗಲಿಲ್ಲ. ಅಷ್ಟು ಇಳಿಸಿ ಲಾರಿ ಸರಿಸಿದರೆ ರಿಮ್ಮು ಟೈರನ್ನು ಕೊಯ್ದುಹಾಕುತ್ತದೆ. ಆದ್ದರಿಂದ ಅರ್ಧದಷ್ಟೇ ಬಿಡುತ್ತಾರೆ, ಸಿಗುವುದು ಎರಡು-ಮೂರು ಇಂಚು, ಅಂದರೆ ನಾಲ್ಕು ಬೆರಳು. ಲಾರಿ ನಾಲ್ಕು ಬೆರಳಿನಷ್ಟು ಮಾತ್ರ ಸಿಕ್ಕಿದ್ದರೆ ಕಥೆಯ ಹುಡುಗ ಗೆಲ್ಲುತ್ತಾನೆ. ಒಂದು ಮೊಳ ಸಿಕ್ಕಿದ್ದರೆ ಎಂಜಿನಿಯರ್ ಸಾಹೇಬರು ಐದು ರೂಪಾಯಿ ಜೇಬಿನಲ್ಲೇ ಇಟ್ಟುಕೊಳ್ಳಬಹುದು.

ಹಾಗೆಂದು ಕಥೆ ಸುಳ್ಳಲ್ಲ. 2019ರಲ್ಲಿ ಚೀನಾದ ಹಾರ್ಬಿನ್ ನಗರದಲ್ಲಿ ಟ್ರಕ್ಕಿನ ಮೇಲೆ ಹೊರಟಿದ್ದ ವಿಮಾನವೊಂದು ಪಾದಚಾರಿ ಸೇತುವೆಯ ಕೆಳಗೆ ಸಿಕ್ಕಿತು. ಹೌದು, ಓದಿದ್ದು ಸರಿ, ವಿಮಾನ! ಟ್ರಕ್ಕಿನ ಟೈರುಗಳ ಗಾಳಿ ಇಳಿಸಿಯೇ ಅದನ್ನು ಹೊರತಂದರು. ನಮ್ಮ ದೇಶವೇನೂ ಹಿಂದೆ ಬಿದ್ದಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಪಶ್ಚಿಮ ಬಂಗಾಳದ ದುರ್ಗಾಪುರದಲ್ಲಿ ಅಂಚೆ ಇಲಾಖೆಯ ಹಳೆಯ ವಿಮಾನವೊಂದು ಸಿಕ್ಕಿತು. 2021ರಲ್ಲಿ ದಿಲ್ಲಿ ವಿಮಾನ ನಿಲ್ದಾಣದ ಹತ್ತಿರ ಒಂದು. 2022ರ ನವೆಂಬರಿನಲ್ಲಿ ಆಂಧ್ರದ ಕೊರಿಸಪಾಡು ಕೆಳಸೇತುವೆಯಲ್ಲಿ ಒಂದು. ಕೊಚ್ಚಿಯಿಂದ ಹೈದರಾಬಾದಿಗೆ ಹೋಟೆಲ್ ಮಾಡಲೆಂದು ಒಯ್ಯುತ್ತಿದ್ದರಂತೆ. 2023ರ ಡಿಸೆಂಬರಿನಲ್ಲಿ ಬಿಹಾರದ ಮೋತಿಹಾರಿಯಲ್ಲಿ ಮತ್ತೊಂದು. ಮೋಡದ ಮೇಲೆ ಹಾರಿ ಬಂದದ್ದಕ್ಕೆ ಕೊನೆಗಾಲದಲ್ಲಿ ಬ್ರಿಜ್ಜಿನ ಕೆಳಗೆ ಈ ಗತಿ. ಮೊಮ್ಮಗಳಿಗೆ ಇಡೀ ಬರಹದಲ್ಲಿ ಇಷ್ಟವಾದದ್ದು ಇದೊಂದೇ ಭಾಗ.

ಬ್ರಿಜ್ಜನ್ನೇ ಎತ್ತರಿಸಬಾರದೇಕೆ ಎಂದು ಕೇಳುತ್ತೀರಿ. ಅಮೆರಿಕದ ಡರ್ಹಮ್ ಎಂಬ ಊರಿನಲ್ಲಿ 11 ಅಡಿ 8 ಇಂಚು ಎತ್ತರದ ರೈಲ್ವೆ ಬ್ರಿಜ್ಜೊಂದಿದೆ. ಹತ್ತಿರದ ಕಚೇರಿಯಲ್ಲಿ ಕೆಲಸಕ್ಕಿದ್ದ ಒಬ್ಬರು 2008ರಿಂದ ಅದಕ್ಕೆ ಕ್ಯಾಮರಾ ಹಿಡಿದಿಟ್ಟರು. ನೂರಕ್ಕೂ ಹೆಚ್ಚು ಲಾರಿಗಳ ನೆತ್ತಿ ಸುಲಿದದ್ದು ಅದರಲ್ಲಿ ದಾಖಲಾಗಿ ಬ್ರಿಜ್ ಲೋಕಪ್ರಸಿದ್ಧವಾಯಿತು. ಎತ್ತರದ ಲಾರಿ ಬಂದರೆ ತಾನಾಗಿ ಉರಿಯುವ ಎಚ್ಚರಿಕೆ ಫಲಕ ಹಾಕಿದರು, ಕೆಂಪು ದೀಪ ಹಾಕಿದರು. ರಸ್ತೆ ತೋಡೋಣವೆಂದರೆ ಕೆಳಗೆ ದೊಡ್ಡ ಚರಂಡಿ ಕೊಳವೆ. ಕೊನೆಗೆ 2019ರಲ್ಲಿ ಬ್ರಿಜ್ಜನ್ನೇ 8 ಇಂಚು ಎತ್ತಿದರು. ಹಳಿಯನ್ನು ಒಂದೇ ಕಡೆ ಎತ್ತಲಾಗುವುದಿಲ್ಲ, ಎರಡೂ ಬದಿಗೆ ದೂರದಿಂದಲೇ ಮೆಲ್ಲಗೆ ಏರಿಸುತ್ತಾ ಬರಬೇಕು, ಅಕ್ಕಪಕ್ಕದ ಗೇಟುಗಳ ಎತ್ತರವೂ ಬದಲಾಗುತ್ತದೆ. ಇಷ್ಟು ಮಾಡಿ 12 ಅಡಿ 4 ಇಂಚು ಆಯಿತು. ಲಾರಿಗಳು ಈಗಲೂ ಗುದ್ದುತ್ತಿವೆ.

ಹಳಿ ಏರಿಸುವುದು ಕಷ್ಟವೆಂದು ಸಾಮಾನ್ಯವಾಗಿ ರಸ್ತೆಯನ್ನೇ ತಗ್ಗಿಸುತ್ತಾರೆ. ಅಲ್ಲಿ ಹೊಸ ಶತ್ರು ಕಾದಿರುತ್ತಾನೆ, ಮಳೆನೀರು. ಸುತ್ತಲಿನ ನೆಲಕ್ಕಿಂತ ತಗ್ಗಾದ ಕಡೆ ನೀರು ಬಂದು ಕೂಡದೆ ಎಲ್ಲಿಗೆ ಹೋದೀತು? ಕಲಬುರಗಿಯ ಹಳೆ ಜೇವರ್ಗಿ ರಸ್ತೆಯ ರೈಲ್ವೆ ಕೆಳಸೇತುವೆಯಲ್ಲಿ ಜೋರು ಮಳೆ ಬಂದಾಗ ನೀರು ನಿಲ್ಲುವುದನ್ನು ಆ ಕಡೆಯವರು ಬಲ್ಲರು. ದಿಲ್ಲಿಯ ಮಿಂಟೋ ಬ್ರಿಜ್ 1933ರದ್ದು, ಅದರ ಕೆಳಗೆ ನಿಂತ ನೀರಿನಲ್ಲಿ 2020ರ ಜುಲೈನಲ್ಲಿ ಸಣ್ಣ ಟ್ರಕ್ಕಿನ ಚಾಲಕನೊಬ್ಬ ಜೀವ ಬಿಟ್ಟ. ಬೆಂಗಳೂರಿನ ಕೆ.ಆರ್. ಸರ್ಕಲ್ ಕೆಳರಸ್ತೆಯಲ್ಲಿ 2023ರ ಮೇ 21ರಂದು ಕಾರಿನಲ್ಲಿದ್ದ ಯುವತಿಯೊಬ್ಬಳು ತೀರಿಹೋದಳು. ಅದು ರೈಲ್ವೆ ಬ್ರಿಜ್ ಅಲ್ಲ, ಆದರೆ ತಗ್ಗಿನ ಗುಣ ಒಂದೇ. ಮಕ್ಕಳೇ, ಸೈಕಲ್ ತುಳಿದು ಹೋಗುವಾಗ ಕೆಳಸೇತುವೆಯಲ್ಲಿ ನೀರು ನಿಂತಿದ್ದರೆ ಇಳಿಯಬೇಡಿ, ಸುತ್ತುಹಾಕಿ ಹೋಗಿ. ನೀರಿನ ಮೇಲೆ ಆಳದ ಅಂಕಿ ಬರೆದಿರುವುದಿಲ್ಲ.

ಹಾಗಾದರೆ ಉಳಿದದ್ದು ಲಾರಿಯನ್ನು ಮೊದಲೇ ತಡೆಯುವುದು. ಇದಕ್ಕೆ ರೈಲ್ವೆಯವರ ಹಳೆಯ ಉಪಾಯವೊಂದಿದೆ. ಕರೆಂಟಿನ ರೈಲು ಓಡುವ ಹಳಿಯ ಗೇಟಿಗೆ ಹೋದಾಗ ನೋಡಿ, ಗೇಟಿಗಿಂತ ಮುಂಚೆ ಎರಡೂ ಕಡೆ ಕಬ್ಬಿಣದ ಚೌಕಟ್ಟು ನಿಂತಿರುತ್ತದೆ. ಅದೇ ಹೈಟ್ ಗೇಜ್. ಮೇಲಿನ ತಂತಿಯಲ್ಲಿ 25 ಸಾವಿರ ವೋಲ್ಟ್ ಹರಿಯುತ್ತದೆ, ಅದರ ಹತ್ತಿರ ಹೋದ ಲೋಡು ಉಳಿಯುವುದಿಲ್ಲ. ಚೌಕಟ್ಟಿನ ಎತ್ತರ 4.67 ಮೀಟರ್. ಅದಕ್ಕೆ ತಾಗದೆ ಬಂದವನು ತಂತಿಗೂ ತಾಗುವುದಿಲ್ಲ. ತಗ್ಗು ಬ್ರಿಜ್ಜಿಗೂ ಮುಂದೆ ಇಂಥದ್ದೊಂದು ಕಬ್ಬಿಣದ ಚೌಕಟ್ಟು ನಿಲ್ಲಿಸುತ್ತಾರೆ. ಗುದ್ದಿದರೆ ಅದಕ್ಕೆ ಗುದ್ದಲಿ, ಬ್ರಿಜ್ ಉಳಿಯಲಿ ಎಂದು. ಬ್ರಿಜ್ಜಿಗೆ ಬಿದ್ದ ಪೆಟ್ಟು ಲಾರಿಯ ಹಣೆಬರಹಕ್ಕೇ ಮುಗಿಯುವುದಿಲ್ಲ ನೋಡಿ. ಮೇಲಿನ ಹಳಿ ಒಂದಿಷ್ಟು ಸರಿದಿದ್ದರೂ ಬರುವ ರೈಲಿನ ಗತಿ ಏನು? ಬ್ರಿಟನ್ನಿನಲ್ಲಿ ವರ್ಷಕ್ಕೆ ಒಂದೂವರೆ ಸಾವಿರಕ್ಕೂ ಹೆಚ್ಚು ಸಲ ವಾಹನಗಳು ರೈಲ್ವೆ ಬ್ರಿಜ್ಜುಗಳಿಗೆ ಗುದ್ದುತ್ತವೆ. ದಿನಕ್ಕೆ ನಾಲ್ಕು ಎಂದಾಯಿತು. ಪೆಟ್ಟಿನ ಸುದ್ದಿ ಬಂದಾಗ ರೈಲು ನಿಲ್ಲಿಸಿ, ತಿಳಿದವರು ಬಂದು ನೋಡಿದ ಮೇಲೇ ಬಿಡಬೇಕು.

ಎಲ್ಲಕ್ಕಿಂತ ಚೆಂದದ ಉಪಾಯ ಆಸ್ಟ್ರೇಲಿಯಾದ ಸಿಡ್ನಿ ಬಂದರಿನ ಸುರಂಗ ರಸ್ತೆಯದು. ಎತ್ತರದ ಲಾರಿಗಳು ಎಷ್ಟು ದೀಪ, ಬೋರ್ಡು ಹಾಕಿದರೂ ನಿಲ್ಲುತ್ತಿರಲಿಲ್ಲ. 2007ರಲ್ಲಿ ಸುರಂಗದ ಬಾಯಿಗೆ ನೀರಿನ ಪರದೆ ಮಾಡಿದರು. ಎತ್ತರದ ಲಾರಿ ಬಂದರೆ ಮೇಲಿನಿಂದ ನೀರು ಪರದೆಯಂತೆ ಸುರಿಯುತ್ತದೆ, ಆ ನೀರಿನ ಮೇಲೆ ಬೆಳಕಿನಿಂದ 'ನಿಲ್ಲು' ಎಂಬ ದೊಡ್ಡ ಗುರುತು ಮೂಡುತ್ತದೆ. ಗಾಳಿಯಲ್ಲಿ ತೇಲುವ ಬೋರ್ಡು ಕಂಡರೆ ಎಂಥ ಡ್ರೈವರಾದರೂ ಬ್ರೇಕ್ ಒತ್ತುತ್ತಾನೆ. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ನಮ್ಮ ಊರುಗಳಲ್ಲಿ ಇದು ಆಗದ ಮಾತು ಅನ್ನಿ, ನೋಡಲಿಕ್ಕಂತೂ ಆನಂದ.

ನೆತ್ತಿಯ ಮೇಲೆ ಏನಿದೆ ಎಂದು ನೋಡುವ ಬುದ್ಧಿ ನಮ್ಮವರಿಗೆ ಹೊಸದೇನಲ್ಲ. ಜಾತ್ರೆಯಲ್ಲಿ ತೇರು ಎಳೆಯುವುದು ನೆನಪಿಸಿಕೊಳ್ಳಿ. ತೇರು ಹೊರಡುವ ಮೊದಲು ಜೆಸ್ಕಾಂನವರು ಬಂದು ದಾರಿಯ ತಂತಿ ಬಿಚ್ಚುತ್ತಾರೆ, ಹಿರಿಯರು ಮನೆಗಳ ಮಾಳಿಗೆಯಂಚು ನೋಡುತ್ತಾರೆ, ಮರದ ಕೊಂಬೆ ಕಡಿಸುತ್ತಾರೆ. ಕಳಸ ಎಲ್ಲಿಗೆ ಮುಟ್ಟುತ್ತದೆ ಎಂಬುದು ಊರಿನ ಸಣ್ಣ ಮಕ್ಕಳಿಗೂ ಗೊತ್ತು. ವರ್ಷಕ್ಕೊಮ್ಮೆ ಒಂದು ಫರ್ಲಾಂಗ್ ನಡೆಯುವ ತೇರಿಗೆ ಇಷ್ಟು ಎಚ್ಚರ. ಗಾಳಿಯಂತ್ರದ ಉದ್ದನೆಯ ರೆಕ್ಕೆ ಸಾಗಿಸುವ ಲಾರಿಗಳೂ ಹಾಗೇ ಹೋಗುತ್ತವೆ, ಮುಂದೊಂದು ಸಣ್ಣ ಗಾಡಿ ದಾರಿ ನೋಡಿಕೊಂಡು ಓಡುತ್ತದೆ. ಆ ಎಚ್ಚರ ಇಲ್ಲದಿರುವುದು ದಿನನಿತ್ಯದ ಲೋಡಿಗೆ.

ಈಗ ನನ್ನನ್ನು ಬರೆಯಲು ಕೂರಿಸಿದ ಸಂಗತಿ ಹೇಳುತ್ತೇನೆ. ಕಳೆದ ಬೇಸಗೆಯಲ್ಲಿ ಜೇವರ್ಗಿಗೆ ಹೋಗಿದ್ದೆ. ಕಲಬುರಗಿಗೆ ವಾಪಸು ಬರುವಾಗ, ಕಟ್ಟಿಸಂಗಾವಿಯ ಭೀಮಾ ಬ್ರಿಜ್ ದಾಟಿದ ಮೇಲೆ ಚಹಾದ ಅಂಗಡಿಯ ಮುಂದೆ ಕಣಿಕಿ ಹೇರಿದ ಲಾರಿಯೊಂದು ನಿಂತಿತ್ತು. ನಾಲ್ಕೂ ಕಡೆ ಉಬ್ಬಿ, ಹಗ್ಗ ಬಿಗಿದು, ಬಣವೆಯೇ ಎದ್ದು ಹೊರಟಂತೆ ಇತ್ತು. ಸಂಜೆ ಆರೂವರೆ. ಲೋಡಿನ ತುದಿಯಲ್ಲಿ ಮೂವರು ಗಂಡಾಳು, ಒಬ್ಬ ಹೆಣ್ಣುಮಗಳು, ಅವಳ ಎರಡು ಮಕ್ಕಳು. ಸಣ್ಣದಕ್ಕೆ ನಾಲ್ಕು ವರ್ಷ ಇದ್ದೀತು.

ಡ್ರೈವರನ್ನು ಮಾತಾಡಿಸಿದೆ. ತಿಳಿವಳಿಕೆಯ ಮನುಷ್ಯ. ಕಣಿಕಿ ಹೇರಿದ ಮೇಲೆ ಬಿದಿರಿನ ಗಳ ಹಿಡಿದು ಎತ್ತರ ಅಳೆದಿದ್ದ, ಗಳದ ಮೇಲೆ ಗುರುತು ಮಾಡಿಟ್ಟಿದ್ದ. ತೋರಿಸಿದ. "ಊರಾಗಿನ ಹಳೆ ಬ್ರಿಜ್ ಕೆಳಗ ಹೋಗಂಗಿಲ್ರಿ ಮುತ್ಯಾ, ರಿಂಗ್ ರೋಡ್ ಮ್ಯಾಲ ಹೊಂಟೀನಿ. ಅಲ್ಲಿ ಬೇಕಾದಷ್ಟು ಎತ್ತರ ಅದ" ಎಂದ. ಇಷ್ಟು ಲೆಕ್ಕ ಇಟ್ಟ ಡ್ರೈವರನ್ನು ನಾನು ಕಂಡದ್ದು ಕಡಿಮೆ. ಗಳದ ಗುರುತು ಕಣಿಕಿಯ ತುದಿಗೆ ಸರಿಯಾಗಿತ್ತು.

"ಗುರುತಿನ ಮ್ಯಾಲ ಕುಂತವರದು ಅಳದೀಯೇನಪಾ?" ಎಂದೆ.

ಅವನು ಮೇಲೆ ನೋಡಿದ. ಅಷ್ಟರಲ್ಲಿ ಆ ಹೆಣ್ಣುಮಗಳು ಮೇಲಿನಿಂದಲೇ, "ತಂತಿ, ಬ್ರಿಜ್ ಬಂತಂದ್ರ ನಾವ ಬಗ್ಗತೀವ್ರಿ ಯಪ್ಪಾ. ದಿನಾ ಇರೋದ" ಎಂದಳು.

"ಕತ್ತಲಾಗಲಕತ್ತದವಾ. ಕೂಸು ನಿದ್ದಿಗಣ್ಣಾಗ ಎದ್ದು ನಿಂತ್ರ?"

ಅದಕ್ಕೆ ಅವಳು ಏನೂ ಅನ್ನಲಿಲ್ಲ, ಸಣ್ಣದನ್ನು ತೊಡೆಯ ಮೇಲೆ ಎಳೆದುಕೊಂಡಳು. ಸರಕು ಲಾರಿಯ ಲೋಡಿನ ಮೇಲೆ ಜನ ಕೂರಬಾರದೆಂದು ಕಾನೂನಿದೆ. ಆ ಕಾನೂನು ಅವಳಿಗೂ ಗೊತ್ತು, ಡ್ರೈವರಿಗೂ ಗೊತ್ತು. ಬಸ್ಸಿಗೆ ಹೋದರೆ ಗಂಡಾಳುಗಳ ಟಿಕೆಟ್ಟಿನ ದುಡ್ಡು ಬೇಕು. ಕಣಿಕಿ ಇಳಿಸುವ ಕೂಲಿಯೂ ಅವರದೇ, ಲಾರಿ ಮುಟ್ಟುವಾಗ ಅವರೂ ಮುಟ್ಟಬೇಕು. ಶಾಲೆಯ ಬಸ್ಸಿನಲ್ಲಿ ಕಿಟಕಿಯಿಂದ ಕೈ ಹೊರಗೆ ಹಾಕಬೇಡ ಎಂದು ನಾವು ನಮ್ಮ ಮೊಮ್ಮಕ್ಕಳಿಗೆ ದಿನಾ ಹೇಳುತ್ತೇವೆ.

ಡ್ರೈವರ್ ಚಹಾದ ಲೋಟ ಇಟ್ಟು, ಕಿನ್ನರ್ ಹುಡುಗನನ್ನು ಕರೆದ. "ನೀ ಮ್ಯಾಲ ಹತ್ತು, ಎರಡೂ ಕೂಸು ಕೆಳಗ ಕೊಡು" ಎಂದ. ಹುಡುಗ ಹಗ್ಗ ಹಿಡಿದು ಹತ್ತಿದ. ಸಣ್ಣದು ಅಳುತ್ತಾ ಇಳಿಯಿತು, ದೊಡ್ಡದು ಕ್ಯಾಬಿನ್ನಿನಲ್ಲಿ ಕೂರುವ ಖುಷಿಗೆ ತಾನೇ ಜಾರಿಕೊಂಡು ಬಂತು. "ನೀನೂ ಇಳಿಯವಾ" ಎಂದು ನಾನು ಕೂಗಿದೆ. ಕ್ಯಾಬಿನ್ನಿನಲ್ಲಿ ಜಾಗ ಅಷ್ಟೇ ಇದೆ ಎಂಬಂತೆ ಅವಳು ಕೈಯಾಡಿಸಿದಳು. ಸೆರಗು ತಲೆಗೆ ಸುತ್ತಿ, ಕಣಿಕಿಯಲ್ಲಿ ಸ್ವಲ್ಪ ತಗ್ಗು ಮಾಡಿಕೊಂಡು ಅದರೊಳಗೆ ಮಲಗಿದಳು. ಗಂಡಾಳುಗಳಿಗೂ ಹಾಗೇ ಮಲಗಲು ಹೇಳಿದಳು. ಡ್ರೈವರ್ ಹೆಡ್‌ಲೈಟ್ ಹಚ್ಚಿ ಲಾರಿಯನ್ನು ರಸ್ತೆಗೆ ತಿರುಗಿಸಿದ. ಕ್ಯಾಬಿನ್ನಿನ ಕಿಟಕಿಯಿಂದ ಸಣ್ಣದು ತಲೆ ಹೊರಗೆ ಹಾಕಿ ಮೇಲೆ ನೋಡುತ್ತಿತ್ತು. ಡ್ರೈವರ್ ಅದರ ಅಂಗಿ ಹಿಡಿದು ಒಳಗೆ ಎಳೆದುಕೊಂಡ.